ಹನ್ನೊಂದು ಮನೆಯ ಕುರಿ

ಬೀರಪ್ಪನ ಕಡೆ ಮೈಕಿರಲಿಲ್ಲ. ಜೀಪೂ ಇರಲಿಲ್ಲ, ಆದರೆ ಅದೇನು ದೊಡ್ಡ ಕೊರತೆಯಲ್ಲ. ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದವನಿಗೆ ಸುತ್ತಲಿನ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಮುಗಿಸುವುದು ಕಷ್ಟವಿರಲಿಲ್ಲ. ಮೈಕಿಲ್ಲದ್ದೇ ತೊಂದರೆ. ಹಟ್ಟಿಯ ಕಟ್ಟೆ ಮೇಲೆ ನಿಂತು ಅವನು ಆಡಿದ ಮಾತು ಆ ಹಟ್ಟಿಯ ಬೇವಿನ ಮರ ದಾಟುತ್ತಿರಲಿಲ್ಲ. ಎದುರಾಳಿ ಚಿತ್ರಲಿಂಗಪ್ಪ ಜೀಪಿನಲ್ಲಿ ಕೂತು ಕೆಮ್ಮಿದರೂ ಮೂರು ಹಳ್ಳಿಗೆ ಕೇಳುತ್ತಿತ್ತು.

ಅದು ಎಪ್ಪತ್ತೆಂಟನೇ ಇಸವಿಯಲ್ಲಿ ನಡೆದ ಹೊಸದುರ್ಗ ತಾಲ್ಲೂಕು ಬೋರ್ಡಿನ ಚುನಾವಣೆ. ಮಾಡದಕೆರೆ ಭಾಗದಿಂದ ನಿಂತವರು ಇಬ್ಬರೇ. ಚಿತ್ರಲಿಂಗಪ್ಪ ದುರ್ಗದ ಜಿಲ್ಲಾ ಕೋರ್ಟಿನಲ್ಲಿ ವಕೀಲಿ ಮಾಡಿ, ಅದಕ್ಕಿಂತ ರಾಜಕೀಯದಲ್ಲೇ ಮಾತಿಗೆ ಬೆಲೆ ಜಾಸ್ತಿ ಎಂದು ಕಂಡುಕೊಂಡು ಊರಿಗೆ ಮರಳಿದವನು. ಬೀರಪ್ಪ ನಿಂತದ್ದು ಕಾವಲಿನ ಸಲುವಾಗಿ. ಹಟ್ಟಿಗಳ ಕುರಿ ಮೇಯುವ ಆ ಹುಲ್ಲುಗಾವಲಿಗೆ ಬೇಲಿ ಹಾಕಿ ಹಂಚಿಕೊಳ್ಳುವ ಮಾತು ಚಿತ್ರಲಿಂಗಪ್ಪನ ಕಡೆಯವರಲ್ಲಿ ನಡೆದಿತ್ತು.

ಬೀರಪ್ಪನನ್ನು ಚುನಾವಣೆಗೆ ನಿಲ್ಲಿಸಿದವನು ಗೋವಿಂದಯ್ಯ. ಮಾಡದಕೆರೆಯಲ್ಲಿ ಅವನದು ಜಗಲಿ ಮೇಲೆ ಮಿಷಿನ್ನು ಇಟ್ಟುಕೊಂಡು ಬಟ್ಟೆ ಹೊಲಿಯುವ ಕೆಲಸ. ಬೀರಪ್ಪನೂ ಅವನೂ ಸ್ಕೂಲಿಗೆ ಒಟ್ಟಿಗೆ ಹೋಗಿ ಒಟ್ಟಿಗೇ ಬಿಟ್ಟವರು. ಗೋವಿಂದಯ್ಯನ ಸ್ವಭಾವವೇ ಅನುಮಾನದ್ದು. ಹಾಲು ತಂದವನನ್ನು ನೀರು ಹಾಕಿದ್ದೀಯಾ ಎಂದು ಅವನು ಕೇಳುತ್ತಿರಲಿಲ್ಲ, ಎಷ್ಟು ಹಾಕಿದೆ ಎಂದು ಕೇಳುತ್ತಿದ್ದ. ಚುನಾವಣೆಗೆ ಇಂಥವನೇ ಬೇಕು ಎಂದು ಬೀರಪ್ಪ ನಂಬಿದ್ದ.

ಬೀರಪ್ಪನ ಹೆಂಡತಿ ಕಾಳಕ್ಕ ಮಾತ್ರ ಮೊದಲ ದಿನವೇ ಅಡ್ಡ ಬಂದಳು.

"ಗೋವಿಂದಣ್ಣ, ಇವ್ರು ಸೋತ್ರೆ ಸೋಲ್ಲಿ, ಅದ್ಕೆ ನಾನು ಅಳಾಕಿಲ್ಲ. ನಮ್ ರೊಪ್ಪದಾಗೆ ನಿಂತಿರಾ ಕುರಿ ಎಲ್ಲಾ ನಮ್ಮವಲ್ಲ. ಊರೋರು ಹೆಸ್ರು ನೋಡಿ ಬಿಟ್ಟವ್ರೆ. ಹೆಸ್ರು ಕೆಟ್ರೆ ರೊಪ್ಪ ಖಾಲಿ."

"ಹೆಸ್ರು ಯಾಕೆ ಕೆಡ್ತೈತೆ ತಾಯಿ? ಆ ಹೆಸ್ರಿನ ಮ್ಯಾಲೇ ಗೆಲ್ಲೋದು" ಎಂದ ಗೋವಿಂದಯ್ಯ.

ಅವಳು ಹೇಳಿದ್ದು ಸುಳ್ಳಲ್ಲ. ನಾಲ್ಕು ವರ್ಷದ ಹಿಂದೆ ಕುರಿಗಳಿಗೆ ಸಿಡುಬು ಬಿದ್ದಿತ್ತು. ಹಟ್ಟಿಯ ಉಳಿದ ಮನೆಯವರೆಲ್ಲ ಮದುವೆ ದಿಬ್ಬಣದ ಜೊತೆ ಹಿರೇಗುಂಟನೂರಿಗೆ ಹೋಗಿದ್ದರು. ಪಕ್ಕದ ಹಟ್ಟಿಯಲ್ಲಿ ಕುರಿ ಸಾಯತೊಡಗಿದ ಸುದ್ದಿ ಬಂದಾಗ ಬೀರಪ್ಪ ಯಾರನ್ನೂ ಕೇಳುತ್ತ ಕೂರಲಿಲ್ಲ. ಹನ್ನೊಂದು ಮನೆಯ ಕುರಿರೊಪ್ಪಗಳ ಮುಳ್ಳುಬೇಲಿ ಸರಿಸಿ, ಬೆಳಕು ಹರಿಯುವ ಮೊದಲೇ ಕುರಿಗಳನ್ನೆಲ್ಲ ತನ್ನವುಗಳ ಜೊತೆ ಸೇರಿಸಿಕೊಂಡು ಹಿರಿಯೂರು ದಿಕ್ಕು ಹಿಡಿದ. ಐಮಂಗಲದ ಆಚೆಯ ಬಯಲಿನಲ್ಲಿ ಬೇಸಿಗೆ ಕಳೆದು, ಮಳೆ ಬಿದ್ದ ಮೇಲೆ ತಿರುಗಿ ಬಂದ. ಮೂರು ಕುರಿ ದಾರಿಯಲ್ಲಿ ಸತ್ತಿದ್ದವು. ಉಳಿದದ್ದನ್ನೆಲ್ಲ ಮರಿಗಳ ಸಮೇತ ಅವರವರ ಬಾಗಿಲಿಗೆ ಒಪ್ಪಿಸಿದ. ಅಂದಿನಿಂದ ಆ ಹನ್ನೊಂದು ಮನೆಯವರೂ ತಮ್ಮ ಕುರಿಗಳನ್ನು ಅವನ ರೊಪ್ಪಕ್ಕೇ ಪಾಲಿಗೆ ಬಿಟ್ಟರು. ಕಾಯುವುದು ಅವನು, ಹುಟ್ಟಿದ ಮರಿಯಲ್ಲಿ ಅರ್ಧ ಅವನಿಗೆ. ಅವನ ಮನೆ ನಡೆಯುತ್ತಿದ್ದುದೇ ಆ ಅರ್ಧದಲ್ಲಿ.

ಮಾತು ಬಾರದ ಬೀರಪ್ಪನಿಗೆ ಗೋವಿಂದಯ್ಯ ಇದನ್ನೇ ಭಾಷಣವನ್ನಾಗಿ ಮಾಡಿ ಕಲಿಸಿದ. ಮಿಷಿನ್ನು ತುಳಿಯುತ್ತ ಹೇಳಿಕೊಟ್ಟ, ಬೀರಪ್ಪ ಎದುರು ಕೂತು ಗಿಣಿಯ ಹಾಗೆ ಒಪ್ಪಿಸಿದ: "ಬ್ಯಾನಿ ಬಂದಾಗ ಹನ್ನೊಂದು ಮನೆ ಕುರಿ ಹೊಡ್ಕಂಡ್ ಹೋದವ್ನು ನಾನು. ಮೂರು ಸತ್ವು, ಮಣ್ಣು ಮಾಡ್ದೆ. ಮಿಕ್ಕಿದ್ದು ಒಪ್ಸಿದೆ. ಕಾವ್ಲು ಉಳ್ಸಾಕೂ ನಾನೇ ಹೋಗ್ತೀನಿ."

"ಸತ್ತಿದ್ದು ಯಾಕ್ಲೇ ಹೇಳ್ಬೇಕು?" ಎಂದು ಬೀರಪ್ಪ ಕೇಳಿದ್ದ.

"ಹೇಳು. ಅದ್ರಾಗೇ ನಿನ್ ನಿಯತ್ತು ಕಾಣಾದು."

ಹಟ್ಟಿಗಳಲ್ಲಿ ಈ ನಾಲ್ಕು ಮಾತು ಚೆನ್ನಾಗಿ ನಡೆದವು. ಕಂಬಳಿ ಹೊದ್ದ ಮುದುಕರು ತಲೆ ಆಡಿಸಿದರು. ಗೋವಿಂದಯ್ಯ ಮಾತ್ರ ಕೇಳುವವರ ಮುಖ ನೋಡುತ್ತಿರಲಿಲ್ಲ, ಚಿತ್ರಲಿಂಗಪ್ಪನ ಕಡೆಯವನು ಯಾವನಾದರೂ ಕಲ್ಲು ಹಿಡಿದು ಬಂದಿದ್ದಾನೋ ಎಂದು ಜನರ ಕೈ ನೋಡುತ್ತಿದ್ದ. ಎಲ್ಲರ ಕೈಗಳೂ ಖಾಲಿ ಇರುತ್ತಿದ್ದವು. ಕಿವಿಗಳನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮತದಾನಕ್ಕೆ ಇನ್ನೊಂದು ವಾರವಿರುವಾಗ ಮಾಡದಕೆರೆಯ ಯುವಕ ಸಂಘದವರು ಒಂದು ಯೋಚನೆ ಮಾಡಿದರು. ಸಂತೆಯ ದಿನ ಸ್ಕೂಲಿನ ಕಟ್ಟೆ ಮೇಲೆ ಇಬ್ಬರನ್ನೂ ನಿಲ್ಲಿಸುವುದು, ಇಬ್ಬರೂ ಮಾತಾಡುವುದು, ಒಬ್ಬರನ್ನೊಬ್ಬರು ಕೇಳುವುದು. ಬೀರಪ್ಪನಿಗೆ ಮೈಕಿಲ್ಲವೆಂದು ತಿಳಿದ ಚಿತ್ರಲಿಂಗಪ್ಪ ತಾನೇ ಹೇಳಿ ಕಳಿಸಿದ: ಮೈಕು ನನ್ನದು ಬರುತ್ತದೆ, ಮೊದಲ ಮಾತು ಅಣ್ಣೋರದೇ ಆಗಲಿ.

ಗೋವಿಂದಯ್ಯನಿಗೆ ಅವತ್ತು ಊಟ ಸೇರಲಿಲ್ಲ.

"ಮೈಕು ಕೊಡ್ತಾನೆ ಅಂದ್ರೆ ವೈರು ಕೀಳ್ತಾನೆ ಕಣ್ಲೇ. ನೀನು ಬಾಯಿ ತೆಗೀತೀಯ, ಅದು ಸತ್ತೋಗ್ತೈತೆ. ಜನ ನಗ್ತಾರೆ."

"ಅಂಗಾದ್ರೆ ನೀನು ವೈರಿನ ತಾವ ಕುಂತ್ಕ" ಎಂದ ಬೀರಪ್ಪ.

ಕಾಳಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು. "ವೈರು ಬಿಡು ಅತ್ಲಾಗೆ. ಆ ವಕೀಲ ಇವ್ರಿಗೆ ಅಣ್ಣೋರು, ಅಣ್ಣೋರು ಅಂತಾನಲ್ಲ, ಅದು ಯಾಕೆ ಗೋವಿಂದಣ್ಣ? ನಮ್ಮಟ್ಟಿ ಕಡೆ ಬಂದಾಗ ಕುರಿಯೋನು ಅಂತ ಕೂಗಿದ್ದ. ಈಗ ಇಷ್ಟು ಮರ್ವಾದಿ ಯಾಕೆ?"

"ಮರ್ವಾದಿ ಕೊಟ್ರೆ ತಗಳಾಣ ಬಿಡು, ಕಾಳಕ್ಕ. ಕಾಸೇನು ಕೊಡಂಗಿಲ್ಲ."

ಸಂತೆಯ ದಿನ ಸುತ್ತಲ ಹಳ್ಳಿಗಳಿಂದ ಜನ ಬಂದಿದ್ದರು. ಹಟ್ಟಿಯವರು ಕಡಿಮೆ, ತೋಟ ಹೊಲದವರು ಜಾಸ್ತಿ. ಗೋವಿಂದಯ್ಯ ಹುಣಸೆಮರದ ಬುಡದಲ್ಲಿ ಮೈಕಿನ ಪೆಟ್ಟಿಗೆಯ ಪಕ್ಕ ಕಲ್ಲಿನ ಮೇಲೆ ಕೂತು, ಕಟ್ಟೆಗೆ ಹೋಗುವ ವೈರನ್ನು ಕೈಯಲ್ಲಿ ಹಿಡಿದುಕೊಂಡ. ಪೆಟ್ಟಿಗೆ ನೋಡಿಕೊಳ್ಳುವವನು, "ಯಾಕಜ್ಜ, ಮೀನು ಹಿಡೀತೀಯಾ?" ಎಂದು ನಕ್ಕ. ಗೋವಿಂದಯ್ಯ ಅವನ ಎರಡೂ ಕೈ ಮೇಲೆ ಕಣ್ಣಿಟ್ಟ.

ಮೈಕು ಸಾಯಲಿಲ್ಲ. ಬೀರಪ್ಪನ ನಾಲ್ಕು ಮಾತೂ ಮೊಟ್ಟಮೊದಲ ಬಾರಿಗೆ ಸಂತೆಯ ಆಚೆ ತುದಿಯ ಬಳೆ ಅಂಗಡಿಯವರೆಗೆ ಕೇಳಿದವು. ಹನ್ನೊಂದು ಮನೆ ಕುರಿ ಎಂದಾಗ ಹಟ್ಟಿಯವರು ಸಿಳ್ಳೆ ಹಾಕಿದರು. ಗೆದ್ದೆವು ಎಂದುಕೊಂಡ ಗೋವಿಂದಯ್ಯ. ಆದರೂ ವೈರು ಬಿಡಲಿಲ್ಲ.

ಆಮೇಲೆ ಚಿತ್ರಲಿಂಗಪ್ಪ ಎದ್ದ. ಮೊದಲು ಬೀರಪ್ಪನಿಗೆ ಕೈಮುಗಿದ. ನಂತರ ಜನಕ್ಕೆ.

"ಅಣ್ಣೋರ ಮುಂದೆ ನಾನು ಚಿಕ್ಕವನು. ಹಿರೀಕರು. ಅವರ ಬಗ್ಗೆ ಕೆಟ್ಟ ಮಾತು ನನ್ನ ಬಾಯಲ್ಲಿ ಬರಾಕಿಲ್ಲ. ನಾನು ಹಳೇ ಬೋರ್ಡಿನೋರ ಸುದ್ದಿ ಮಾತಾಡ್ತೀನಿ. ನಮ್ಮ ರಸ್ತೆಗೆ ಅಂತ ಜಲ್ಲಿ ಬಂತು. ಕಂಡ್ರಾ? ಕಾಣ್ಲಿಲ್ಲ. ಯಾಕೆ? ಒಬ್ಬ ಮಹರಾಯ ಹೊಡ್ಕಂಡ!"

ಜನ ನಕ್ಕರು.

"ಸ್ಕೂಲಿಗೆ ಹೆಂಚು ಬಂತು. ಇದೇ ಸ್ಕೂಲು, ತಲೆ ಎತ್ತಿ ನೋಡ್ರಿ, ಆಕಾಶ ಕಾಣ್ತೈತೆ. ಹೆಂಚು ಏನ್ ಮಾಡ್ದ?"

"ಹೊಡ್ಕಂಡ!" ಎಂದು ಮುಂದೆ ಕೂತವರು ಕೂಗಿದರು.

"ಬಾವಿ ರಾಟೆ?"

"ಹೊಡ್ಕಂಡ!"

ಈ ಸಲ ಇಡೀ ಸಂತೆ ಕೂಗಿತು. ಗೋವಿಂದಯ್ಯನಿಗೂ ನಗು ತಡೆಯಲಾಗಲಿಲ್ಲ. ಹಳೆಯ ಬೋರ್ಡಿನವರನ್ನು ಕಂಡರೆ ಅವನಿಗೂ ಆಗುತ್ತಿರಲಿಲ್ಲ. ರಾಟೆಯ ವಿಷಯ ನಿಜವೇ ಆಗಿತ್ತು.

ನಗು ಇಳಿಯುವವರೆಗೆ ಚಿತ್ರಲಿಂಗಪ್ಪ ಕಾದ. ಆಮೇಲೆ ದನಿ ತಗ್ಗಿಸಿದ. "ಹೋಗ್ಲಿ ಬಿಡ್ರಿ. ಈಗ ಅಣ್ಣೋರನ್ನ ಎರಡು ಮಾತು ಕೇಳಬೇಕು. ನನಗೆ ತಿಳೀದು ಅಂತ ಕೇಳ್ತೀನಿ. ಅಣ್ಣ, ಇತ್ಲಾಗೆ ಬರ್ರಿ. ಮೈಕಿನ ಹತ್ರ ಬರ್ರಿ."

ಬೀರಪ್ಪ ಬಂದ. ಕಂಬಳಿ ಸರಿಮಾಡಿಕೊಂಡು ನಿಂತ.

"ಹನ್ನೊಂದು ಮನೆ ಕುರಿ ಅಂದ್ರಿ. ಆ ಮನೆಯೋರು ಅವತ್ತು ಊರಲ್ಲಿದ್ರಾ?"

"ಇರ್ಲಿಲ್ಲ. ದಿಬ್ಬಣ ಹೋಗಿದ್ರು."

"ಹೌದಾ. ಹಂಗಾದ್ರೆ ಕೇಳಾಕೆ ಯಾರೂ ಇರ್ಲಿಲ್ಲ. ಹೊತ್ತು ಹುಟ್ಟಿತ್ತಾ?"

"ಇನ್ನಾ ಇಲ್ಲ. ಕತ್ಲಿತ್ತು."

"ಕತ್ಲಿತ್ತು" ಎಂದು ಚಿತ್ರಲಿಂಗಪ್ಪ ಜನರ ಕಡೆ ತಿರುಗಿ ಮೆಲ್ಲಗೆ ಹೇಳಿದ. "ಕತ್ತಲಾಗೆ, ಕೇಳದಂಗೆ, ಹನ್ನೊಂದು ಮನೆ ಕುರೀನ ನೀವು ಏನ್ ಮಾಡಿದ್ರಿ ಅಣ್ಣ? ನಾನು ಹೇಳಾಕಿಲ್ಲ. ನಿಮ್ಮ ಬಾಯಾಗೇ ಬರ್ಲಿ."

ಬೀರಪ್ಪನಿಗೆ ಗೊತ್ತಿದ್ದದ್ದು ಒಂದೇ ಮಾತು. ಕುರಿ ಕಾಯುವವರು ಕುರಿಯನ್ನು ಹೊಡೆದುಕೊಂಡೇ ಹೋಗುವುದು. ಅವನ ಅಪ್ಪನೂ ಹಾಗೇ ಅನ್ನುತ್ತಿದ್ದ, ಅಜ್ಜನೂ ಹಾಗೇ.

"ಹೊಡ್ಕಂಡ್ ಹೋದೆ" ಎಂದ. ಮೈಕಿಗೆ ಬಾಯಿ ಹತ್ತಿರವಿತ್ತು.

ಹಿಂದಿನ ಸಾಲಿನಲ್ಲಿ ಯಾವನೋ ಕಿಸಕ್ಕೆಂದ. ಅದು ಮುಂದಕ್ಕೆ ಹರಿದು ಬಂತು.

"ಬ್ಯಾನಿ ಬಂದಿತ್ತು ಸ್ವಾಮಿ, ಅದ್ಕೆ..."

"ಬಂದಿತ್ತು ಅಣ್ಣ, ನಾನು ಇಲ್ಲ ಅಂದ್ನಾ? ಇನ್ನೊಂದೇ ಮಾತು. ಮೂರು ಸತ್ವು ಅಂದ್ರಿ. ಪರರ ಕುರಿ ಸತ್ರೆ ಕಿವಿ ಕೊಯ್ದು ತಂದು ತೋರಿಸಾದು ನಿಮ್ಮಲ್ಲಿ ಪದ್ಧತಿ. ಯಾರ ಮನೇದು ಅಂತ ಕಿವಿ ಗುರುತು ಹೇಳ್ತೈತೆ. ಆ ಮೂರರ ಕಿವಿ ತಂದ್ರಾ?"

"ಸಿಡುಬಿನ ಕುರಿ. ಕಿವಿ ಹೆಂಗೆ ತರಾದು? ಊರಿಗೇ ಹಬ್ಬತೈತೆ. ಮಣ್ಣು ಮಾಡ್ದೆ."

"ಮಣ್ಣು ಮಾಡಿದ್ರಿ. ಎಲ್ಲಿ?"

"ಐಮಂಗಲದಾಚೆ."

"ಐಮಂಗಲದಾಚೆ!" ಚಿತ್ರಲಿಂಗಪ್ಪ ಕೈ ಎತ್ತಿ ಮೂಡಲ ದಿಕ್ಕು ತೋರಿಸಿದ. "ಯಾರಿಗಾದ್ರೂ ಅನುಮಾನ ಇದ್ರೆ ಹೋಗಿ ಅಗೆದು ನೋಡ್ಬೌದು. ಬಸ್ಸೈತೆ."

ನಗು ಈಗ ಹುಣಸೆಮರದ ಕೆಳಗೂ ಬಂತು. ಪೆಟ್ಟಿಗೆಯವನು ತೊಡೆ ತಟ್ಟಿಕೊಂಡ. ಚಿತ್ರಲಿಂಗಪ್ಪ ಕೋಪ ಬಂದವನ ಹಾಗೆ ಜನರತ್ತ ಕೈ ಚಾಚಿದ. "ನಗಬ್ಯಾಡ್ರಿ! ಕಳ್ಳ ಅನ್ನೋ ಮಾತು ನಾನು ಆಡಿಲ್ಲ. ನೀವೂ ಆಡಬ್ಯಾಡ್ರಿ. ಹಿರೀಕರು, ನಮ್ಮ ಅಣ್ಣೋರು. ಅಂಥಾ ಮಾತು ಈ ಮೈಕಿನಾಗೆ ಬರಬಾರ್ದು."

ಅಲ್ಲಿಯವರೆಗೆ ಆ ಮಾತನ್ನು ಯಾರೂ ಆಡಿರಲಿಲ್ಲ. ಅವನು ಆಡಬೇಡಿ ಎಂದ ಮೇಲೆ ಅದು ಸಂತೆಯ ತುಂಬ ಓಡಾಡಿತು. ಹಿಂದಿನಿಂದ ಒಬ್ಬ ಎಳೆದು ಕೂಗಿದ: "ಕುರಿ ಏನ್ ಮಾಡ್ದ?" ಉಳಿದವರಿಗೆ ಉತ್ತರ ಆಗಲೇ ಬಾಯಿಗೆ ಬಂದಿತ್ತು.

ಗೋವಿಂದಯ್ಯ ಎದ್ದು ಕಟ್ಟೆಗೆ ಓಡಬೇಕೆಂದುಕೊಂಡ. ಓಡಿದರೆ ಆ ಹೊತ್ತಿಗೇ ವೈರು ಕಿತ್ತು ಬೀರಪ್ಪನ ಮಾತು ಅಡಗಿಸಿದರೆ? ಹಾಗಾಗಿ ಕಲ್ಲಿನ ಮೇಲೇ ಉಳಿದ. ಬೀರಪ್ಪ ಮಾತಾಡಲೇ ಇಲ್ಲ. ವೈರು ಮಾತ್ರ ಗಟ್ಟಿಯಾಗಿತ್ತು.

ಇಬ್ಬರೂ ಹಟ್ಟಿಯ ದಾರಿ ಹಿಡಿದರು. ಬೀರಪ್ಪ ಕೇಳಿದ. "ನಾನು ಸುಳ್ಳು ಹೇಳಬೇಕಿತ್ತಾ? ಹೊಡ್ಕಂಡ್ ಹೋಗಿದ್ದು ದಿಟ ತಾನೆ?"

"ನಡೆಸ್ಕಂಡ್ ಹೋದೆ ಅನ್ಬೇಕಿತ್ತು."

"ಕುರೀನ ಯಾರ್ಲೇ ನಡೆಸ್ಕಂಡ್ ಹೋಗ್ತಾರೆ? ಅವೇನು ಬೀಗ್ರಾ?"

ಮಾರನೆಯ ದಿನದಿಂದ ಜೀಪು ತಿರುಗಿತು. ಅದರ ಮೈಕಿನಲ್ಲಿ ಬೈಗುಳವಿರಲಿಲ್ಲ. "ಹನ್ನೊಂದು ಮನೆಯ ಕುರಿ ಏನಾದವು? ಅಣ್ಣೋರ ಬಾಯಿಂದಲೇ ಕೇಳಿದ್ದೀರಿ. ನಾವು ಏನೂ ಅನ್ನುವುದಿಲ್ಲ. ನಿಮ್ಮ ಮತ ತಕ್ಕಡಿ ಗುರುತಿಗೆ." ಇಷ್ಟೇ. ಗೋವಿಂದಯ್ಯ ಮಿಷಿನ್ನಿಗೆ ಬಟ್ಟೆ ಮುಚ್ಚಿ ಹಳ್ಳಿ ಹಳ್ಳಿ ನಡೆದ. ಹೊಡೆದುಕೊಂಡು ಹೋಗುವುದೆಂದರೆ ಅಟ್ಟಿಕೊಂಡು ಹೋಗುವುದು, ಬೇರೆ ಅರ್ಥವಿಲ್ಲ ಎಂದು ಜಗಲಿ ಜಗಲಿಯಲ್ಲಿ ಬಿಡಿಸಿ ಹೇಳಿದ. ಕೆಲವರು ತಲೆಯಾಡಿಸಿದರು. ಸುದ್ದಿಯೇ ಕೇಳದಿದ್ದವರು, "ಯಾರಪ್ಪಾ ಕುರಿ ಕದ್ದಿದ್ದು?" ಎಂದು ಅವನನ್ನೇ ಕೇಳಿದರು. ಜೀಪು ಹೋಗದ ಕಡೆಗೂ ಅವನು ನಡೆದು ಹೋಗಿ ಆ ಮಾತನ್ನು ಮುಟ್ಟಿಸಿದಂತಾಯಿತು.

ತಿರುಗುತ್ತ ತಿರುಗುತ್ತ ಅವನ ತಲೆಯೊಳಗೆ ಒಂದೇ ಪ್ರಶ್ನೆ ಬೆಳೆಯಿತು. ವಕೀಲನಿಗೆ ಕಿವಿಯ ವಿಷಯ ಯಾರು ಹೇಳಿದರು? ಮೂರು ಸತ್ತದ್ದು, ಮಣ್ಣು ಮಾಡಿದ್ದು ಅವನಿಗೆ ಮೊದಲೇ ಗೊತ್ತಿತ್ತು, ಇಲ್ಲದಿದ್ದರೆ ಪ್ರಶ್ನೆಗಳು ಹಾಗೆ ಸಾಲಾಗಿ ಬರುತ್ತಿರಲಿಲ್ಲ. ಒಳಗಿನವರೇ ಯಾರೋ ಮಾರಿಕೊಂಡಿದ್ದಾರೆ. ಲೆಕ್ಕ ಹಾಕಿ ಹಾಕಿ ಅವನು ಓಬಳೇಶಪ್ಪನ ಮೇಲೆ ಬಂದು ನಿಂತ. ಓಬಳೇಶಪ್ಪ ಮಾಡದಕೆರೆಯ ರೈತ. ಪ್ರತಿ ವರ್ಷ ಬೆಳೆ ಕೊಯ್ದ ಮೇಲೆ ಬೀರಪ್ಪನ ಕುರಿ ಮಂದೆ ನಿಲ್ಲುತ್ತಿದ್ದುದು ಅವನ ಹೊಲದಲ್ಲೇ. ಹೊಲಕ್ಕೆ ಗೊಬ್ಬರ, ಬೀರಪ್ಪನ ಮನೆಗೆ ರಾಗಿ. ಇಂಥವನನ್ನು ಹೊಸದುರ್ಗದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಿತ್ರಲಿಂಗಪ್ಪನ ಡ್ರೈವರ್ ಜೊತೆ ಕಂಡವರಿದ್ದರು.

ಮತದಾನದ ಹಿಂದಿನ ದಿನ ಗೋವಿಂದಯ್ಯ ಅವನ ಕಣದಲ್ಲಿ ಹೋಗಿ ನಿಂತ.

"ಕಾಫಿ ಹೆಂಗಿತ್ತು ಓಬಳೇಶಪ್ಪ?"

"ಯಾವ ಕಾಫಿ?"

"ವಕೀಲನ ಡ್ರೈವರ್ ಕುಡಿಸಿದ್ದು. ಮೂರು ಕುರಿ ಕಿವಿಗೆ ಒಂದು ಲೋಟವಾ, ಇಲ್ಲ ತಿಂಡೀನೂ ಇತ್ತಾ?"

ಓಬಳೇಶಪ್ಪ ಕೈಯಲ್ಲಿದ್ದ ಮೊರ ಕೆಳಗಿಟ್ಟ. "ಆ ಡ್ರೈವರ್ ನನ್ ತಂಗಿ ಮೈದ. ಬಸ್ಸಿಗೆ ಕಾಯ್ತಿದ್ದೆ, ಕುಂತ್ಕಂಡೆ. ನೀನು ಇದನ್ನ ಬೀರಪ್ಪನ ಪರವಾಗಿ ಕೇಳ್ತಿದ್ದೀಯೋ, ನಿನ್ ಪರವಾಗೋ?"

"ಇಬ್ರದೂ ಒಂದೇ."

"ಅಂಗಾದ್ರೆ ಇಬ್ರಿಗೂ ಒಂದೇ ಮಾತು. ನನ್ ಹೊಲಕ್ಕೆ ಇನ್ ಮ್ಯಾಲೆ ಮಂದೆ ತರಬ್ಯಾಡ್ರಿ."

ಗೋವಿಂದಯ್ಯ ಹಟ್ಟಿಗೆ ಬಂದು ಇದನ್ನು ಗೆದ್ದು ಬಂದವನ ಹಾಗೆ ಹೇಳಿದ. ಕಳ್ಳ ಸಿಕ್ಕಿಬಿದ್ದ, ಮಾತಿನಲ್ಲೇ ಸಿಟ್ಟು ಕಂಡಿತು ಎಂದ. ಬೀರಪ್ಪ ಕಂಬಳಿಯ ಎಳೆ ಕೀಳುತ್ತ ಕೂತಿದ್ದ. ಕಾಳಕ್ಕ ಬಾಗಿಲಿಗೆ ಬಂದಳು.

"ಗೋವಿಂದಣ್ಣ, ಕಟ್ಟೆ ಕಟ್ಟೆ ಮ್ಯಾಲೆ ಇವ್ರಿಗೆ ಭಾಷ್ಣ ಹೇಳಿಸ್ದೋನು ಯಾರು?"

"ನಾನು."

"ಮೂರು ಸತ್ವು ಅಂತ ಹೇಳಾಕೆ ಹೇಳಿದ್ದು?"

"ಅದೂ ನಾನೇ."

"ಮಣ್ಣು ಮಾಡ್ದೆ ಅಂತ?"

"ನಿಯತ್ತು ಕಾಣ್ಲಿ ಅಂತ..."

"ಕಿವಿ ಪದ್ಧತಿ ಈ ಸೀಮೆ ಕೂಸಿಗೂ ಗೊತ್ತು. ಆ ವಕೀಲ ಕಾಫಿ ಯಾಕೆ ಕುಡಿಸ್ಬೇಕು? ನೀವೇ ಎಲ್ಲಾ ಹಟ್ಟಿನಾಗೂ ಕೂಗಿ ಬಂದಿದ್ರಿ. ಅವ್ನು ಒಬ್ಬನ್ನ ಕಳಿಸಿ ಕೇಳಿಸ್ಕಂಡಿರ್ತಾನೆ. ಇವ್ರ ಮಾತನ್ನೇ ಇವ್ರ ಬಾಯಿಂದ ಇನ್ನೊಂದ್ಸಲ ಆಡಿಸ್ದ, ಅಷ್ಟೆ."

ಗೋವಿಂದಯ್ಯ ಕಟ್ಟೆಗಳ ಮುಂದೆ ಕಂಡ ಖಾಲಿ ಕೈಗಳನ್ನೆಲ್ಲ ನೆನಪು ಮಾಡಿಕೊಂಡ. ಮುಖ ಒಂದೂ ನೆನಪಾಗಲಿಲ್ಲ. ತಪ್ಪಾಯಿತು ಎನ್ನಲು ಅವತ್ತೇ ಓಬಳೇಶಪ್ಪನ ಕಣಕ್ಕೆ ವಾಪಸ್ಸು ಹೋದ. ಓಬಳೇಶಪ್ಪ ರಾಗಿ ತೂರುತ್ತಿದ್ದ. ಗೋವಿಂದಯ್ಯ ನಿಂತೇ ಇದ್ದ, ಅವನು ತೂರುತ್ತಲೇ ಇದ್ದ. ಹೊಟ್ಟು ಮೈಮೇಲೆ ಬಿದ್ದಾಗ ಗೋವಿಂದಯ್ಯ ಮನೆಗೆ ಹೋದ.

ಬೀರಪ್ಪ ಸೋತ. ಹಟ್ಟಿಗಳ ವೋಟು ಅವನಿಗೇ ಬಿದ್ದಿದ್ದವು, ಹಳ್ಳಿಗಳವು ಬೀಳಲಿಲ್ಲ. ಗೆದ್ದ ಚಿತ್ರಲಿಂಗಪ್ಪ ಜೀಪು ನಿಲ್ಲಿಸಿ ಹಟ್ಟಿಯೊಳಗೆ ನಡೆದು ಬಂದು ಬೀರಪ್ಪನ ಕಾಲು ಮುಟ್ಟಿದ. "ನಿಮ್ಮ ಆಶೀರ್ವಾದ ಬೇಕು ಅಣ್ಣ. ಚುನಾವಣೆ ಮಾತು ಚುನಾವಣೆಗೆ ಮುಗೀತು." ಬೀರಪ್ಪ ಏನು ಹೇಳಬೇಕೆಂದು ತಿಳಿಯದೆ, "ಕುಂತ್ಕಳ್ರಿ, ಮಜ್ಜಿಗೆ ಕುಡೀರಿ" ಎಂದ. ಚಿತ್ರಲಿಂಗಪ್ಪ ಕೂತು ಕುಡಿದೇ ಹೋದ.

ಆ ಮಾತು ಅವನು ಹೇಳಿದ ಹಾಗೆ ಮುಗಿಯಲಿಲ್ಲ. ವಾರ ಕಳೆದು ಬೊಮ್ಮಕ್ಕ ಬಂದಳು. ಹನ್ನೊಂದು ಮನೆಯಲ್ಲಿ ಅವಳದೊಂದು. ಗಂಡನಿಲ್ಲದವಳು. ಸತ್ತ ಮೂರರಲ್ಲಿ ಒಂದು ಅವಳದಾಗಿತ್ತು. ಆಗ ಅವಳೇ, ಹೋದ್ರೆ ಹೋಗ್ಲಿ ಬಿಡಪ್ಪ, ಮಿಕ್ಕಿದ್ದು ಉಳಿಸಿದೆಯಲ್ಲ ಎಂದು ಬೀರಪ್ಪನ ಕೈ ಹಿಡಿದು ಅತ್ತಿದ್ದಳು.

ಈಗ ಅವಳು ಬಂದಾಗ ಗೋವಿಂದಯ್ಯನೂ ಅಲ್ಲೇ ಇದ್ದ. ಅವಳು ಕಂಬಕ್ಕೆ ಒರಗಿ ನಿಂತಳು, ಕೂರಲಿಲ್ಲ.

"ನಾನೇನೂ ಅನ್ನಾಕಿಲ್ಲ ಕಾಳಕ್ಕ. ನನಗೆ ಎಲ್ಲಾ ಗೊತ್ತೈತೆ. ಒಂದು ಮಾತು ಕೇಳ್ತೀನಿ, ತೆಪ್ಪು ತಿಳೀಬ್ಯಾಡ."

"ಕೇಳು."

"ಬರೀ ಕಿವಿ. ಅದೊಂದಾದ್ರೂ ತರಬೌದಿತ್ತಲ್ಲ? ಬೂದಿನಾಗೆ ಹೊರಳ್ಸಿ, ಎಲೆನಾಗೆ ಸುತ್ತಿ?"

ಬೀರಪ್ಪ ಎದ್ದು ರೊಪ್ಪದ ಕಡೆ ಹೋದ. ಗೋವಿಂದಯ್ಯ ಬಾಯಿ ತೆರೆದ. ಸಿಡುಬು ಬೂದಿಗೆ ಹೋಗುವುದಿಲ್ಲ, ಬೀರಪ್ಪ ಮಾಡಿದ್ದೇ ಸರಿ ಎಂದು ಹೇಳಬೇಕೆಂದಿದ್ದ. ಆಗ ಅವನಿಗೆ ಒಂದು ಯೋಚನೆ ಬಂತು, ಬರಬಾರದ ಯೋಚನೆ: ಬೀರಪ್ಪ ಆ ಮೂರನ್ನು ನಿಜವಾಗಿ ಮಣ್ಣು ಮಾಡಿದ್ದನಾ? ಕಂಡವರು ಯಾರು? ಒಂದೇ ಗಳಿಗೆ. ಅಷ್ಟರಲ್ಲಿ ಬೊಮ್ಮಕ್ಕ ಅವನ ಮುಖ ನೋಡಿದ್ದಳು.

"ನಮ್ಮವನ್ನ ಬಿಡಿಸ್ಕಂಡ್ ಹೋಗ್ತೀನಿ" ಎಂದಳು. "ಬೀಗ್ರು ಕೇಳ್ತಾರೆ. ಏನಂತ ಹೇಳ್ಲಿ?"

ಕೋಲು ತಂದಿದ್ದಳು. ಬೀರಪ್ಪನೇ ಮುಳ್ಳು ಸರಿಸಿದ. ಅವಳ ಕುರಿಗಳ ಕಿವಿ ಹಿಡಿದು ಹಿಡಿದು, ಗುರುತು ನೋಡಿ ಬೇರೆ ಮಾಡಿಕೊಟ್ಟ. ಅವಳು ಅವನ್ನು ಹೊಡೆದುಕೊಂಡು ಹೋದಳು.

ಅವಳ ಹಿಂದೆ ಉಳಿದವರಲ್ಲಿ ಹಲವರು ಬಂದರು. ಕಳ್ಳ ಎಂದು ಯಾರೂ ಅನ್ನಲಿಲ್ಲ. ಒಬ್ಬ ಮಗಳ ಮದುವೆ ಎಂದ, ಒಬ್ಬ ಸ್ವಂತ ಆಳು ಸಿಕ್ಕಿದ ಎಂದ. ಮುಂಗಾರು ಬೀಳುವ ಹೊತ್ತಿಗೆ ಕಳೆದುಕೊಂಡದ್ದರ ಲೆಕ್ಕ ಹೀಗಿತ್ತು. ವೋಟು, ಇನ್ನೂರ ಹನ್ನೆರಡರ ಅಂತರದ ಸೋಲು. ಮಂದೆ ನಿಲ್ಲುವ ಹೊಲ, ಓಬಳೇಶಪ್ಪನದು ಸೇರಿ ಮೂರು. ಹನ್ನೊಂದು ಮನೆಯಲ್ಲಿ ಒಂಬತ್ತು ಮನೆ. ಕುರಿ, ನೂರ ಐವತ್ತೆಂಟು.